ಕಷಾಯಕ್ಕೆ ಸಾಕ್ಷಿ ಯಾರು?

ಆಟಿ ಅಮಾವಾಸ್ಯೆಯ ದಿನ ಬೆಳುವಾಯಿಯ ನಮ್ಮ ಮನೆಗೆ ಮೊದಲು ಬರುವವರು ನೆರೆಮನೆಯ ಅಣ್ಣ. ಫಜ್ರ್ ನಮಾಝ್ ಮುಗಿಸಿ ಬಾಗಿಲು ತೆರೆದರೆ, ಜಿನುಗುವ ಮಳೆಯಲ್ಲಿ ಸ್ಟೀಲಿನ ಚೊಂಬು ಹಿಡಿದು ಅಂಗಳದಲ್ಲಿ ನಿಂತಿರುತ್ತಾರೆ. ಬೆಳಕು ಹರಿಯುವ ಮೊದಲೇ ಗುಡ್ಡೆಗೆ ಹೋಗಿ ಹಾಲೆಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತೆಗೆದಿರುತ್ತಾರೆ. ಮರಕ್ಕೆ ಕತ್ತಿ ತಾಗಿಸುವಂತಿಲ್ಲ. ತುಳುವಿನಲ್ಲಿ ಅದು ‘ಪಾಲೆದ ಕೆತ್ತೆ’. ಬೆಳ್ಳುಳ್ಳಿ, ಓಮ, ಕರಿಮೆಣಸಿನ ಜೊತೆ ಅರೆದು ರಸ ಹಿಂಡಿ, ಕೆಂಡದಲ್ಲಿ ಕಾಯಿಸಿದ ಬೆಣಚುಕಲ್ಲನ್ನು ಅದಕ್ಕೆ ಹಾಕಿದಾಗ ಚುಂಯ್ ಎಂದು ಏಳುವ ಹೊಗೆಯ ವಾಸನೆ ಇನ್ನೂ ಆ ಚೊಂಬಿನಲ್ಲಿರುತ್ತದೆ. ಅಮ್ಮಿ ನಮ್ಮನ್ನೆಲ್ಲ ಸಾಲಾಗಿ ಕೂರಿಸಿ, ಬಿಸ್ಮಿಲ್ಲಾ ಹೇಳಿಸಿ, ಮೂಗು ಹಿಡಿದು ಕುಡಿಸುತ್ತಿದ್ದರು. ಕಹಿ ಹೋಗಲು ಬೆಲ್ಲದ ಚೂರು, ಉಷ್ಣ ತಣಿಯಲು ಮೆಂತೆ ಗಂಜಿ. ವರ್ಷದ ರೋಗವೆಲ್ಲ ದೂರ ಎಂಬ ನಂಬಿಕೆ. ಹಿಂದೂ ಮನೆಯ ಕಷಾಯ, ಮುಸ್ಲಿಮರ ಮನೆಯ ಬಟ್ಟಲು. ಇಂಥದ್ದು ನಮ್ಮ ಊರಿನಲ್ಲಿ ಸುದ್ದಿಯೇ ಅಲ್ಲ.

ಇದು ಸುರಕ್ಷಿತವೇ ಎಂದು ಯಾರೂ ಕೇಳುತ್ತಿರಲಿಲ್ಲ. ಕೇಳಿದ್ದರೆ ಅದು ಅಣ್ಣನಿಗೆ ಅವಮಾನ, ಹಿರಿಯರಿಗೆ ಅವಮಾನ, ಮರಕ್ಕೂ ಅವಮಾನ ಎಂಬಂತಿತ್ತು. ನಾವೂ ಕೇಳಿದವರಲ್ಲ. ನಾವು ಕೇಳಬೇಕಾಗಿ ಬಂದದ್ದು 2020ರಲ್ಲಿ, ಬೇರೊಂದು ಬಳ್ಳಿಯ ಕಾರಣಕ್ಕೆ.

ಕೊರೋನಾದ ಆ ದಿನಗಳು ಓದುಗರಿಗೆ ನೆನಪಿರಬಹುದು. ಮಸೀದಿ ಬಾಗಿಲು ಹಾಕಿತ್ತು, ಬಸ್ಸು ನಿಂತಿತ್ತು, ಪ್ರತಿ ಮನೆಯ ಒಲೆಯ ಮೇಲೂ ಒಂದು ಕಷಾಯ ಕುದಿಯುತ್ತಿತ್ತು. ಬೇಲಿಯಲ್ಲಿ ಹಬ್ಬಿದ ಅಮೃತಬಳ್ಳಿಗೆ ಒಮ್ಮೆಲೇ ಬೆಲೆ ಬಂತು. ನಾವೂ ದಿನಾ ಎರಡು ಹೊತ್ತು ಕುದಿಸಿ ಮನೆಯವರಿಗೆಲ್ಲ ಕೊಟ್ಟೆವು. ನಮ್ಮ ಆಪಾಗೆ ಸಕ್ಕರೆ ಕಾಯಿಲೆ ಇದ್ದುದರಿಂದ ಅವರಿಗೆ ಒಂದು ಲೋಟ ಹೆಚ್ಚು. ನಾಲ್ಕೈದು ತಿಂಗಳ ನಂತರ ಆಪಾರ ಕಣ್ಣು ಹಳದಿಯಾಯಿತು. ಆಸ್ಪತ್ರೆಯಲ್ಲಿ ವೈದ್ಯರು ರಕ್ತದ ವರದಿ ನೋಡಿ, “ಮನೆಯಲ್ಲಿ ಬೇರೆ ಏನಾದರೂ ಮದ್ದು ಕೊಡುತ್ತಿದ್ದೀರಾ?” ಎಂದು ಕೇಳಿದರು.

ನಾವು “ಇಲ್ಲ” ಎಂದೆವು.

ಏಕೆ ಹಾಗೆ ಹೇಳಿದೆವು? ಬೈಸಿಕೊಳ್ಳಬೇಕಾದೀತು ಎಂಬ ಅಂಜಿಕೆ ಒಂದಿಷ್ಟು. ಬಳ್ಳಿಯ ಕಷಾಯವನ್ನು ಮದ್ದು ಎನ್ನುವುದೇ ಎಂಬ ಅನುಮಾನ ಇನ್ನೊಂದಿಷ್ಟು. ಆದರೆ ನಿಜ ಹೇಳಬೇಕೆಂದರೆ ಅದು ಅಹಂಕಾರ. ನಮ್ಮ ಕೈಯಿಂದ ಆಪಾಗೆ ಕೇಡಾಗಲು ಸಾಧ್ಯವೇ ಇಲ್ಲ ಎಂಬ ಅಹಂಕಾರ. ಆ ರಾತ್ರಿ ಆಪಾ ತಾವೇ ದಾದಿಯ ಬಳಿ ವಿಷಯ ಹೇಳಿದರಂತೆ. ಕಷಾಯ ನಿಂತಿತು. ವಾರಗಳು ಕಳೆದಂತೆ ಕಣ್ಣಿನ ಹಳದಿಯೂ ಇಳಿಯಿತು. ಬಳ್ಳಿಯಿಂದಲೇ ಹಾಗಾಯಿತೆಂದು ಪ್ರಮಾಣ ಮಾಡಿ ಹೇಳುವಂತಿಲ್ಲ. ಬಳ್ಳಿಯಿಂದ ಅಲ್ಲವೆಂದೂ ಹೇಳುವಂತಿಲ್ಲ. ನಮ್ಮನ್ನು ಇಂದಿಗೂ ಕಾಡುವುದು ಬಳ್ಳಿಯಲ್ಲ, ಆ “ಇಲ್ಲ”.

ಅನಂತರದ ದಿನಗಳಲ್ಲಿ ಓದಿ ತಿಳಿದದ್ದಿಷ್ಟು. 2021ರಲ್ಲಿ ಮುಂಬೈಯ ವೈದ್ಯರು ಅಮೃತಬಳ್ಳಿ ಸೇವಿಸಿದ ಆರು ಮಂದಿಯಲ್ಲಿ ಪಿತ್ತಜನಕಾಂಗಕ್ಕೆ ಪೆಟ್ಟಾದ ವರದಿ ಪ್ರಕಟಿಸಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ರೋಗಿಗಳು ಸೇವಿಸಿದ್ದು ಅಮೃತಬಳ್ಳಿಯೇ ಅಥವಾ ಅದನ್ನೇ ಹೋಲುವ ಇನ್ನೊಂದು ಬಳ್ಳಿಯೇ ಎಂದು ಪರೀಕ್ಷಿಸಿಲ್ಲ ಎಂಬುದು ಸಚಿವಾಲಯದ ಆಕ್ಷೇಪ. 2022ರಲ್ಲಿ ದೇಶದ 13 ಆಸ್ಪತ್ರೆಗಳ ವೈದ್ಯರು ಸೇರಿ ಅಂಥ 43 ರೋಗಿಗಳ ವಿವರ ಪ್ರಕಟಿಸಿದರು. ಲಕ್ಷಾಂತರ ಜನ ಕುಡಿದಿರುವಾಗ 43 ದೊಡ್ಡ ಸಂಖ್ಯೆಯಲ್ಲ ಎನ್ನಬಹುದು. ಆದರೆ ಆ ಪಟ್ಟಿಯಲ್ಲಿ ಇರುವವರು ‘ಕುಡಿದಿದ್ದೇವೆ’ ಎಂದು ಬಾಯಿಬಿಟ್ಟು ಹೇಳಿದವರು ಮಾತ್ರ. ನಮ್ಮಂತೆ “ಇಲ್ಲ” ಎಂದವರು ಯಾವ ಪಟ್ಟಿಯಲ್ಲೂ ಇಲ್ಲ.

ಇಲ್ಲಿಂದ ನಮ್ಮ ಪ್ರಶ್ನೆ ಶುರುವಾಗುತ್ತದೆ. ಗಿಡಮೂಲಿಕೆಯ ಸತ್ವವನ್ನು ಮನುಷ್ಯನ ಜೀವಕೋಶಗಳ ಮೇಲೆ ಪ್ರಯೋಗಿಸಿ ಅದು ಸುರಕ್ಷಿತವೇ ಎಂದು ನೋಡುವ ಕೆಲಸ ಇಂದು ಮಣಿಪಾಲ, ಮಂಗಳೂರು, ಬೆಂಗಳೂರುಗಳ ಪ್ರಯೋಗಾಲಯಗಳಲ್ಲಿ ನಡೆಯುತ್ತಿದೆ. ಇದನ್ನು ಕಂಡು ಕೆಲವರಿಗೆ ಸಿಟ್ಟು: ಸಾವಿರ ವರ್ಷದ ವಿದ್ಯೆಗೆ ಗಾಜಿನ ತಟ್ಟೆ ಸರ್ಟಿಫಿಕೇಟು ಕೊಡಬೇಕೇ? ಇನ್ನು ಕೆಲವರಿಗೆ ತಟ್ಟೆ ಹೇಳಿದ್ದೇ ವೇದವಾಕ್ಯ. ಈ ಎರಡೂ ಗುಂಪಿನವರು ಒಂದು ಸತ್ಯವನ್ನು ಮರೆಯುತ್ತಾರೆ. ಪರೀಕ್ಷೆ ಆಗದ ಮದ್ದು ಎಂಬುದು ಲೋಕದಲ್ಲೇ ಇಲ್ಲ. ಪ್ರಯೋಗಾಲಯದಲ್ಲಿ ನಡೆಯದಿದ್ದರೆ ಆ ಪರೀಕ್ಷೆ ಆಪಾರ ಪಿತ್ತಜನಕಾಂಗದಲ್ಲಿ ನಡೆಯುತ್ತದೆ. ಅಲ್ಲಿ ಯಾರೂ ಬರೆದಿಡುವುದಿಲ್ಲ, ಅಷ್ಟೇ.

ಪ್ರಯೋಗಾಲಯದಲ್ಲಿ ಏನು ನಡೆಯುತ್ತದೆ ಎಂಬುದನ್ನು ಸರಳವಾಗಿ ಹೇಳೋಣ. ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆಯಲ್ಲಿ 96 ಪುಟ್ಟ ಗುಳಿಗಳಿರುತ್ತವೆ. ಪ್ರತಿ ಗುಳಿಯಲ್ಲಿ ಪೋಷಕ ದ್ರವದೊಳಗೆ ಸಾವಿರಾರು ಜೀವಕೋಶಗಳು, ನಮ್ಮ ದೇಹದ್ದೇ ಶಾಖದಲ್ಲಿ, ಅಂದರೆ 37 ಡಿಗ್ರಿಯಲ್ಲಿ ಬೆಳೆಯುತ್ತವೆ. ಮೊದಲ ಸಾಲಿಗೆ ಸತ್ವ ಸ್ವಲ್ಪ, ಮುಂದಿನದಕ್ಕೆ ಅದರ ಇಮ್ಮಡಿ, ಹೀಗೆ ಏರಿಸುತ್ತ ಹೋಗುತ್ತಾರೆ. ಒಂದೆರಡು ದಿನ ಕಳೆದ ಮೇಲೆ ಒಂದು ಹಳದಿ ಬಣ್ಣ ಹಾಕುತ್ತಾರೆ. ಬದುಕಿರುವ ಕೋಶಗಳು ಅದನ್ನು ನೇರಳೆಯಾಗಿಸುತ್ತವೆ, ಸತ್ತವು ಆಗಿಸುವುದಿಲ್ಲ. ಎಷ್ಟು ಪ್ರಮಾಣದಲ್ಲಿ ಅರ್ಧದಷ್ಟು ಕೋಶಗಳು ಸತ್ತವು ಎಂಬುದು ನೇರಳೆಯ ಗಾಢತೆಯಿಂದ ತಿಳಿಯುತ್ತದೆ. 1983ರಲ್ಲಿ ಪ್ರಕಟವಾದ ಈ ವಿಧಾನ ಇಂದಿಗೂ ಬಹುಬಳಕೆಯದು.

ನಮ್ಮ ಆಟಿಯ ಹಾಲೆಮರವೂ ಆ ತಟ್ಟೆಗಳ ಪ್ರಯೋಗಕ್ಕೆ ಒಳಗಾಗಿದೆ ಎಂದು ತಿಳಿದಾಗ ನಮಗೆ ಆಶ್ಚರ್ಯವಾಯಿತು. ಬೆಳುವಾಯಿಯಿಂದ ಬಹಳ ದೂರವಲ್ಲದ ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನಲ್ಲಿ ಗಣೇಶ್ ಚಂದ್ರ ಜಗೇತಿಯಾ ಮತ್ತು ಮಂಜೇಶ್ವರ ಶ್ರೀನಾಥ ಬಾಳಿಗಾ ಅವರು ಸಪ್ತಪರ್ಣಿಯ, ಅಂದರೆ ನಮ್ಮ ಇದೇ ಹಾಲೆಮರದ ಸತ್ವವನ್ನು ಇಲಿಗಳ ಮೇಲೂ ಮನುಷ್ಯ ಜೀವಕೋಶಗಳ ಮೇಲೂ ಪರೀಕ್ಷಿಸಿ ಈ ಶತಮಾನದ ಮೊದಲ ದಶಕದಲ್ಲಿ ಫಲಿತಾಂಶ ಪ್ರಕಟಿಸಿದರು. ಬೇಸಿಗೆ, ಮಳೆಗಾಲ, ಚಳಿಗಾಲ ಎಂದು ಮೂರು ಕಾಲದಲ್ಲಿ ಸಂಗ್ರಹಿಸಿದ್ದನ್ನು ಬೇರೆಬೇರೆಯಾಗಿ ನೋಡಿದರು. ಬೇಸಿಗೆಯದ್ದು ಕೋಶಗಳನ್ನು ಹೆಚ್ಚು ಕೊಂದಿತು. ಇಲಿಗಳಿಗೂ ಬೇಸಿಗೆಯದ್ದೇ ಹೆಚ್ಚು ವಿಷ, ಮಳೆಗಾಲದ್ದೇ ಎಲ್ಲಕ್ಕಿಂತ ಕಡಿಮೆ. ಅದೇ ಮರ, ಆದರೆ ಕಾಲ ಬದಲಾದರೆ ಗುಣವೂ ಬದಲು.

ಆಟಿ ಎಂದರೆ ಮಳೆಗಾಲದ ನಡು. ನಮ್ಮ ಅಜ್ಜಂದಿರಿಗೆ ಇದು ಗೊತ್ತಿತ್ತೇ? ಗೊತ್ತಿತ್ತು ಎಂದು ಎದೆತಟ್ಟಿಕೊಳ್ಳಲು ನಾವು ಸಿದ್ಧರಿಲ್ಲ. ಪ್ರಯೋಗಾಲಯದವರು ಪರೀಕ್ಷಿಸಿದ್ದು ತಯಾರಿಸಿದ ಸತ್ವವನ್ನು, ಅಣ್ಣನ ಚೊಂಬಿನ ರಸವನ್ನಲ್ಲ. ಅವರು ಹುಡುಕುತ್ತಿದ್ದುದು ಕ್ಯಾನ್ಸರಿಗೆ ಮದ್ದು. ಅಲ್ಲಿ ಕೋಶ ಸತ್ತರೆ ಸಂತೋಷ. ಒಂದೇ ಕೊಲ್ಲುವ ಗುಣ ಕ್ಯಾನ್ಸರ್ ಕೋಶದ ಎದುರು ಶಿಫಾ, ಆರೋಗ್ಯವಂತ ಕೋಶದ ಎದುರು ಜಹರು. ಆದರೂ ಒಂದು ಮಾತು ಒಪ್ಪಬೇಕು. ಕಾಲ ನೋಡಿ ತೆಗೆಯಿರಿ ಎಂದ ಹಿರಿಯರೂ ಕಾಲದಿಂದ ವಿಷ ಬದಲಾಗುತ್ತದೆ ಎಂದ ತಟ್ಟೆಯೂ ಇಲ್ಲಿ ಒಬ್ಬರನ್ನೊಬ್ಬರು ಸುಳ್ಳಾಗಿಸಲಿಲ್ಲ.

ನ್ಯಾಯಾಲಯದಲ್ಲಿ ಸಾಕ್ಷಿ ಹೇಳುವವನು ಏನನ್ನು ಕಂಡಿರಲು ಸಾಧ್ಯ, ಏನನ್ನು ಸಾಧ್ಯವಿಲ್ಲ ಎಂದು ಮೊದಲು ನೋಡುತ್ತಾರೆ. ಪರಂಪರೆ ಎಂಬ ಸಾಕ್ಷಿಗೆ ಯಾವುದು ಕಾಣುತ್ತದೆ? ತಕ್ಷಣ ಕೊಲ್ಲುವ ವಿಷ ಚೆನ್ನಾಗಿ ಕಾಣುತ್ತದೆ. ಹಾಲೆ ಎಂದುಕೊಂಡು ಕತ್ತಲಲ್ಲಿ ಕಾಸರಕದ ತೊಗಟೆ ತಂದರೆ ಜೀವ ಉಳಿಯದು ಎಂದು ನಮ್ಮೂರಿನ ಹಿರಿಯರು ಪ್ರತಿ ಆಟಿಯಲ್ಲೂ ಎಚ್ಚರಿಸುತ್ತಾರೆ. ಆದುದರಿಂದಲೇ ಹಿಂದಿನ ಹಗಲೇ ಮರವನ್ನು ಗುರುತು ಮಾಡಿಡುವುದು. ಇದೇ ಕಾಸರಕದ ಬೀಜ ಯುನಾನಿಯಲ್ಲಿ ಅಝಾರಾಖಿ, ಆಯುರ್ವೇದದಲ್ಲಿ ಕುಪೀಲು. ಹಕೀಮರೂ ವೈದ್ಯರೂ ಅದನ್ನು ಹಸಿಯಾಗಿ ಬಳಸುವುದಿಲ್ಲ. ನೆನೆಸಿ, ಹಾಲಿನಲ್ಲಿ ಬೇಯಿಸಿ, ಸಿಪ್ಪೆಯನ್ನೂ ಒಳಗಿನ ಮೊಳಕೆಯನ್ನೂ ತೆಗೆದು ಶುದ್ಧಿ ಮಾಡಿದ ಮೇಲೆಯೇ ಗುಲಗಂಜಿ ಲೆಕ್ಕದಲ್ಲಿ ಬಳಕೆ. ಹಾಗಾಗಿ ‘ಗಿಡಮೂಲಿಕೆ ಎಂದರೆ ಅಡ್ಡಪರಿಣಾಮ ಇಲ್ಲ’ ಎಂಬುದು ನಮ್ಮ ಪರಂಪರೆಯ ಮಾತೇ ಅಲ್ಲ. ಅದು ಅಂಗಡಿಯ ಮಾತು.

ಪರಂಪರೆಗೆ ಕಾಣದ್ದು ನಿಧಾನದ ವಿಷ. ಇದಕ್ಕೂ ನಮ್ಮೂರಿನಲ್ಲೇ ಉದಾಹರಣೆ ಇದೆ. ಬೆಳುವಾಯಿಯ ಹೆಸರು ಇಂದು ಹೊರಗೆ ಕೇಳಿಸುವುದು ಸಮ್ಮಿಲನ್ ಶೆಟ್ಟಿಯವರ ಚಿಟ್ಟೆ ಪಾರ್ಕಿನಿಂದ. ಕರ್ನಾಟಕದ ರಾಜ್ಯ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ಮೊಟ್ಟೆಯಿಡುವುದು ಈಶ್ವರಬೇರಿನ ಕುಟುಂಬದ ಬಳ್ಳಿಗಳ ಮೇಲೆ. ಅದರ ಹುಳು ಆ ಎಲೆಯ ಅರಿಸ್ಟೊಲೋಕಿಕ್ ಆಮ್ಲವನ್ನು ಮೈಯಲ್ಲಿ ಕೂಡಿಟ್ಟುಕೊಂಡು ತಾನೇ ಕಹಿಯಾಗಿ ಹಕ್ಕಿಗಳಿಂದ ಪಾರಾಗುತ್ತದೆ. ಚಿಟ್ಟೆಗೆ ರಕ್ಷಾಕವಚವಾದ ಅದೇ ಆಮ್ಲ ಮನುಷ್ಯನ ಮೂತ್ರಪಿಂಡಕ್ಕೆ ಮೃತ್ಯು. ಹಾವಿನ ವಿಷಕ್ಕೆ ಮದ್ದೆಂದು ನಮ್ಮ ಹಿರಿಯರು ಈ ಬೇರನ್ನು ಮನೆಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಅದರ ಕೇಡು ಜಗತ್ತಿಗೆ ಗೊತ್ತಾದದ್ದು ಬೆಲ್ಜಿಯಂನಲ್ಲಿ. 1990ರ ದಶಕದ ಆರಂಭದಲ್ಲಿ ಬ್ರಸೆಲ್ಸ್‌ನ ಒಂದು ಚಿಕಿತ್ಸಾಲಯದಲ್ಲಿ ತೂಕ ಇಳಿಸುವ ಗುಳಿಗೆಯಲ್ಲಿ ಒಂದು ಚೀನೀ ಬೇರಿನ ಬದಲು ಇದೇ ಕುಟುಂಬದ ಇನ್ನೊಂದು ಬೇರು ಸೇರಿಹೋಯಿತು. ನೂರಕ್ಕೂ ಹೆಚ್ಚು ಮಂದಿಯ, ಬಹುತೇಕ ಮಹಿಳೆಯರ, ಮೂತ್ರಪಿಂಡ ಹಾಳಾಯಿತು. ಕೆಟ್ಟ ಮೂತ್ರಪಿಂಡ ತೆಗೆಸಿಕೊಂಡ 39 ಮಂದಿಯನ್ನು ಪರೀಕ್ಷಿಸಿದಾಗ 18 ಮಂದಿಯಲ್ಲಿ ಮೂತ್ರನಾಳದ ಕ್ಯಾನ್ಸರ್ ಕಂಡಿತೆಂದು 2000ದಲ್ಲಿ ವರದಿಯಾಯಿತು.

ಇಂದು ಕುಡಿದು ವರ್ಷಗಳು ಕಳೆದ ಮೇಲೆ ಕಾಯಿಲೆ ಬಂದರೆ ಬೇರಿಗೂ ಕಾಯಿಲೆಗೂ ಯಾವ ಅಜ್ಜಿ ಗಂಟು ಹಾಕಿಯಾರು? ‘ನಮ್ಮ ಅಜ್ಜ ಕುಡಿದಿದ್ದರು, ಏನೂ ಆಗಲಿಲ್ಲ’ ಎನ್ನುತ್ತೇವೆ. ಅಜ್ಜ ಯಾವುದರಿಂದ ತೀರಿಕೊಂಡರು ಎಂದು ಕೇಳಿದರೆ ‘ವಯಸ್ಸಾಗಿತ್ತು’ ಎನ್ನುತ್ತೇವೆ. ಇಲ್ಲಿ ಜೀವಕೋಶದ ಸಾಕ್ಷ್ಯ ಬೇಕು. ಈ ಆಮ್ಲ ಕೋಶದ ವಂಶವಾಹಿಯ ಮೇಲೆ ತನ್ನದೇ ಆದ ಗುರುತು ಕೊರೆದು ಹೋಗುತ್ತದೆ. ಮನುಷ್ಯನಲ್ಲಿ ಕಾಣಲು ವರ್ಷಗಳು ಬೇಕಾದ ಗಾಯವನ್ನು ಕೋಶದಲ್ಲಿ ಬೇಗನೆ ಓದಬಹುದು.

ಹಾಗೆಂದು ತಟ್ಟೆಯ ಕೋಶ ಎಲ್ಲವನ್ನೂ ಕಾಣುವುದಿಲ್ಲ. ಕಾಸರಕದ ಸ್ಟ್ರಿಕ್ನಿನ್ ಬೆನ್ನುಹುರಿಯ ನರಗಳನ್ನು ಹಿಡಿದು ಸೆಳೆತ ತಂದು ಕೊಲ್ಲುವ ವಿಷ. ಚರ್ಮದ ಅಥವಾ ಪಿತ್ತಜನಕಾಂಗದ ಕೋಶಗಳಿರುವ ತಟ್ಟೆಗೆ ಹಾಕಿದರೆ, ಮನುಷ್ಯನನ್ನು ಕೊಲ್ಲುವ ಪ್ರಮಾಣದಲ್ಲಿ ಅವು ಕದಲುವುದೂ ಇಲ್ಲ. ತಟ್ಟೆಗೆ ಬೆನ್ನುಹುರಿ ಇಲ್ಲ. ನಮ್ಮೂರಿನ ಅಜ್ಜಿಗೆ ಗೊತ್ತಿರುವ ವಿಷ ಆ ತಟ್ಟೆಗೆ ಗೊತ್ತಿಲ್ಲ. ತಟ್ಟೆಯ ಕೋಶಕ್ಕೆ ಬಸಿರೂ ಇಲ್ಲ. ಹಾಲೆಯ ಸತ್ವ ಹೆಚ್ಚಿನ ಪ್ರಮಾಣದಲ್ಲಿ ಗಬ್ಬದ ಇಲಿಯ ಮರಿಗಳಿಗೆ ಹಾನಿ ಮಾಡುತ್ತದೆ ಎಂದು ಮಣಿಪಾಲದ ಅದೇ ಸಂಶೋಧಕರು 2003ರಲ್ಲಿ ಕಂಡುಕೊಂಡದ್ದು ಕೋಶದಿಂದಲ್ಲ, ಇಲಿಯಿಂದ. ಇನ್ನು ಆ ನೇರಳೆ ಬಣ್ಣವೂ ಮೋಸ ಮಾಡಬಲ್ಲದು. ಕೆಲವು ಗಿಡಗಳ ಸತ್ವ, ಜೀವಂತ ಕೋಶದ ಹಂಗಿಲ್ಲದೆ ತಾನೇ ಹಳದಿಯನ್ನು ನೇರಳೆಯಾಗಿಸಿಬಿಡುತ್ತದೆ. ಸತ್ತ ಕೋಶವೂ ಬದುಕಿದಂತೆ ಕಾಣುತ್ತದೆ. ಅಮೃತಬಳ್ಳಿಯ ವರದಿಗಳಲ್ಲಿ ಅನೇಕರಿಗೆ ಆದದ್ದು ದೇಹದ ರಕ್ಷಣಾಪಡೆಯೇ ಪಿತ್ತಜನಕಾಂಗದ ಮೇಲೆ ತಿರುಗಿಬಿದ್ದಂಥ ಕಾಯಿಲೆ. ಒಂಟಿ ಕೋಶಕ್ಕೆ ರಕ್ಷಣಾಪಡೆ ಎಲ್ಲಿಂದ ಬರಬೇಕು? ಆಪಾರ ಕಣ್ಣು ಹಳದಿಯಾಗುವುದನ್ನು ಯಾವ ತಟ್ಟೆಯೂ ಮೊದಲೇ ಹೇಳಿರಲಾರದು.

ಈ ಇಕ್ಕಟ್ಟು ಇಂದಿನದಲ್ಲ. ಪಾದರಸ ಎಷ್ಟು ಅಪಾಯ ಎಂದು ತಿಳಿಯಲು ಅಲ್ ರಾಝಿ ಅದನ್ನು ಕೋತಿಗೆ ಕುಡಿಸಿ ನೋಡಿದ್ದರು. ನೂರು ವರ್ಷದ ನಂತರ ಇಬ್ನ್ ಸೀನಾ ತಮ್ಮ ‘ಅಲ್ ಖಾನೂನ್’ ಗ್ರಂಥದಲ್ಲಿ ಮದ್ದನ್ನು ಪರೀಕ್ಷಿಸುವ ನಿಯಮಗಳನ್ನು ಪಟ್ಟಿ ಮಾಡುತ್ತ, ಪರೀಕ್ಷೆ ಮನುಷ್ಯ ದೇಹದ ಮೇಲೆಯೇ ಆಗಬೇಕು, ಸಿಂಹ, ಕುದುರೆಯ ಮೇಲೆ ಕಂಡದ್ದು ಮನುಷ್ಯನಿಗೆ ಹೊಂದದೆ ಹೋಗಬಹುದು ಎಂದರು. ಮಾತು ಸರಿಯೇ. ಆದರೆ ಯಾವ ಮನುಷ್ಯನ ಮೇಲೆ? ಗುಲಾಮನ ಮೇಲೆಯೇ, ಕೈದಿಯ ಮೇಲೆಯೇ, ಬಡವನ ಮೇಲೆಯೇ? ಮನುಷ್ಯನದ್ದೇ ಆದ, ಆದರೆ ನೋವನ್ನು ಅರಿಯದ ಕೋಶ ಈ ಪ್ರಶ್ನೆಗೆ ಒಂದು ಉತ್ತರದಂತೆ ಬಂತು.

ಆ ಉತ್ತರವೂ ಕಳಂಕವಿಲ್ಲದ್ದಲ್ಲ. ಮಣಿಪಾಲದಲ್ಲಿ ಹಾಲೆಮರದ ಸತ್ವವನ್ನು ಹಾಕಿದ ಕೋಶಗಳ ಹೆಸರು ‘ಹೀಲಾ’. ಅದು ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಹೆಂಗಸಿನ ಹೆಸರಿನ ಎರಡು ತುಣುಕು. ಅಮೆರಿಕದ ಕಪ್ಪು ಜನಾಂಗದ ಬಡ ತಾಯಿ, ಐದು ಮಕ್ಕಳು. 1951ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಆಕೆಯ ಗರ್ಭಕಂಠದ ಕ್ಯಾನ್ಸರ್ ಗಡ್ಡೆಯಿಂದ ಒಂದು ಚೂರನ್ನು ಆಕೆಯನ್ನು ಕೇಳದೆಯೇ ತೆಗೆದರು. ಅದೇ ವರ್ಷ ಅಕ್ಟೋಬರ್ 4ರಂದು ಆಕೆ ತೀರಿಕೊಂಡಾಗ ವಯಸ್ಸು 31. ಕೋಶಗಳು ಮಾತ್ರ ಸಾಯಲಿಲ್ಲ. ಲೋಕದ ಪ್ರಯೋಗಾಲಯಗಳಿಗೆಲ್ಲ ಹರಡಿದವು, ಮಾರಾಟವಾದವು. ಮನೆಯವರಿಗೆ ವಿಷಯ ತಿಳಿದದ್ದು ಇಪ್ಪತ್ತು ವರ್ಷದ ಮೇಲೆ. ಆಕೆಯ ಗೋರಿಗೆ ಹೆಸರಿನ ಕಲ್ಲು ಬಿದ್ದದ್ದು 2010ರಲ್ಲಿ. ಕೋಶಗಳಿಂದ ಲಾಭ ಪಡೆದ ಒಂದು ಕಂಪೆನಿ ಕುಟುಂಬದೊಂದಿಗೆ ರಾಜಿ ಮಾಡಿಕೊಂಡದ್ದು 2023ರಲ್ಲಿ.

ಬೆಳುವಾಯಿಯ ಗುಡ್ಡೆಯ ಮರಕ್ಕೂ ಬಾಲ್ಟಿಮೋರಿನ ಆ ತಾಯಿಗೂ ನಡುವೆ ಹೀಗೊಂದು ನಂಟು ಇದೆ ಎಂದು ತಿಳಿದ ದಿನ ನಮಗೆ ಬಹಳ ಹೊತ್ತು ಬೇರೇನೂ ಓದಲಾಗಲಿಲ್ಲ. ಆಕೆಯ ಕೋಶವನ್ನು ಬಳಸಬಾರದು ಎಂದು ನಾವು ಹೇಳುತ್ತಿಲ್ಲ. ಆಕೆಯನ್ನು ಕೇಳಬೇಕಿತ್ತು ಎನ್ನುತ್ತೇವೆ. ದೇಹ ನಮಗೆ ಒಪ್ಪಿಸಿದ ಅಮಾನತ್ ಎಂದು ನಂಬುವವರು ನಾವು. ಇನ್ನೊಬ್ಬರ ಅಮಾನತ್ತಿನಿಂದ ತೆಗೆದುಕೊಂಡದ್ದರ ಲೆಕ್ಕ ಇಡಬೇಕಲ್ಲವೇ? ಕೋಶ ಕೊಟ್ಟವರ ಒಪ್ಪಿಗೆ ಕಾಗದದಲ್ಲಿರಬೇಕು, ಹೆಸರು ನೆನಪಿನಲ್ಲಿರಬೇಕು. ಆಪಾಗೆ ಬಟ್ಟಲು ಕೊಡುವಾಗಲೂ ಅಷ್ಟೇ. ಇದರಲ್ಲಿ ಇಂಥದ್ದಿದೆ, ಇಂಥ ಅಪಾಯ ಇರಬಹುದು, ಕುಡಿಯುತ್ತೀರಾ ಎಂದು ನಾವು ಕೇಳಿರಲಿಲ್ಲ. ಪ್ರೀತಿಯಿಂದ ಕೊಟ್ಟೆವು, ನಿಜ. ಆದರೆ ಪ್ರೀತಿ ಒಪ್ಪಿಗೆಯ ಜಾಗದಲ್ಲಿ ಕೂರಲಾರದು.

ಕಾನೂನು ಇಲ್ಲಿ ಅರ್ಧ ದಾರಿ ಮಾತ್ರ ಬರುತ್ತದೆ. 1940ರ ಔಷಧ ಕಾಯ್ದೆಯ ಕೆಳಗಿನ ನಿಯಮಗಳಿಗೆ 2010ರಲ್ಲಿ ಸೇರಿಸಿದ ತಿದ್ದುಪಡಿಯಂತೆ, ಶಾಸ್ತ್ರಗ್ರಂಥದಲ್ಲಿ ಹೇಳಿದಂತೆಯೇ, ಹೇಳಿದ ಕಾಯಿಲೆಗೇ ತಯಾರಿಸುವ ಆಯುರ್ವೇದ, ಯುನಾನಿ ಔಷಧಕ್ಕೆ ಪರವಾನಗಿ ಕೊಡಲು ಹೊಸ ಸುರಕ್ಷತಾ ಅಧ್ಯಯನ ಕೇಳುವುದಿಲ್ಲ. ಗ್ರಂಥವೇ ಸಾಕ್ಷಿ. ಆದರೆ ಗ್ರಂಥ ಹೇಳಿದ್ದು ರೋಗಿಯ ನಾಡಿ ಹಿಡಿದು, ಪ್ರಕೃತಿ ನೋಡಿ, ಇಷ್ಟೇ ದಿನ ಎಂದು ಲೆಕ್ಕ ಹಾಕಿ ಕೊಡುವ ಹಕೀಮನಿಗೆ. ಅಂಗಡಿಯಲ್ಲಿ ಡಬ್ಬಿ ಕೊಂಡು ವರ್ಷವಿಡೀ ನುಂಗುವವನಿಗಲ್ಲ. ವೈದ್ಯವಿದ್ಯೆ ಅರಿಯದೆ ಚಿಕಿತ್ಸೆ ಮಾಡಿದವನು ಆದ ಹಾನಿಗೆ ತಾನೇ ಹೊಣೆ ಎಂಬ ಆಶಯದ ಮಾತು ಹದೀಸ್ ಸಂಗ್ರಹಗಳಲ್ಲಿದೆ. ಅದು ಹಕೀಮರಿಗೆ ಮಾತ್ರ ಹೇಳಿದ್ದೆಂದು ನಾವು ತಿಳಿದಿದ್ದೆವು. ಒಲೆಯ ಮುಂದೆ ನಿಂತು ಕಷಾಯ ಕುದಿಸಿದ ನಮಗೂ ಹೇಳಿದ್ದೆಂದು ಅರ್ಥವಾಗಲು ಆಪಾರ ಕಣ್ಣು ಹಳದಿಯಾಗಬೇಕಾಯಿತು.

ಪರಂಪರೆ ಒಂದು ಸಾಕ್ಷಿ, ಜೀವಕೋಶ ಇನ್ನೊಂದು. ಒಂದಕ್ಕೆ ಕಾಣುವುದು ಇನ್ನೊಂದಕ್ಕೆ ಕಾಣದು. ಎರಡಕ್ಕೂ ಕಾಣದ್ದನ್ನು ಕಂಡವರು ಮೂರನೆಯ ಸಾಕ್ಷಿ. ಅವರು ಕುಡಿದವರು ಮತ್ತು ಕುಡಿಸಿದವರು. ವೈದ್ಯರು ಕೇಳಿದಾಗ ‘ಹೌದು, ಇಂಥ ಬಳ್ಳಿ, ಇಷ್ಟು ತಿಂಗಳು, ದಿನಕ್ಕೆ ಇಷ್ಟು ಲೋಟ’ ಎಂದು ಹೇಳುವವರು. ಈ ಮಾತು ಕೇಳಿ ವೈದ್ಯರು ಬೈಯದೆ ಬರೆದುಕೊಳ್ಳಬೇಕು. ಬೈಯುವ ವೈದ್ಯರು ಸುಳ್ಳು ಹೇಳುವ ರೋಗಿಗಳನ್ನು ತಯಾರಿಸುತ್ತಾರೆ. ಆದರೆ ಅದು ನಮಗೆ ನೆವವಾಗಬಾರದು. ಸಾಕ್ಷ್ಯವನ್ನು ಮುಚ್ಚಿಡುವುದು ಪಾಪವೆಂದು ಕುರ್‌ಆನ್ ಓದುವ ನಾವು ಬಲ್ಲೆವು. ಆ ಪಾಪ ನ್ಯಾಯಾಲಯದ ಕಟಕಟೆಯಲ್ಲಿ ಮಾತ್ರ ನಡೆಯುತ್ತದೆ ಎಂದು ತಿಳಿದದ್ದೇ ನಮ್ಮ ತಪ್ಪು. ಹೊರರೋಗಿ ವಿಭಾಗದ ಬೆಂಚಿನ ಮೇಲೂ ಅದು ನಡೆಯುತ್ತದೆ.

ಕಳೆದ ಆಟಿಯಲ್ಲೂ ಅಣ್ಣ ಚೊಂಬು ಹಿಡಿದು ಬಂದರು. ನಾವು ಮೊದಲ ಬಾರಿಗೆ ಕೇಳಿದೆವು: “ಅಣ್ಣಾ, ಯಾವ ಮರ? ಹಗಲಲ್ಲಿ ನೋಡಿ ಇಟ್ಟಿದ್ದಿರಾ?” ಅವರಿಗೆ ಬೇಸರವಾಗುತ್ತದೆ ಎಂದುಕೊಂಡಿದ್ದೆವು. ಅವರು ನಕ್ಕು, “ಎರಡು ದಿನ ಮೊದಲೇ ನೂಲು ಕಟ್ಟಿ ಬಂದಿದ್ದೇನೆ. ಬನ್ನಿ, ತೋರಿಸುತ್ತೇನೆ” ಎಂದರು. ನಾವು ಅರ್ಧ ಲೋಟ ಕುಡಿದೆವು. ಬಸುರಿ ಸೊಸೆಗೆ ಕೊಡಲಿಲ್ಲ. ಆಪಾ ಲೋಟವನ್ನು ಹಿಡಿದು ಮೂಸಿ ನೋಡಿ ಕೆಳಗಿಟ್ಟರು. “ಮೊದಲು ಡಾಕ್ಟರನ್ನು ಕೇಳುತ್ತೇನೆ. ಅವರು ಬೇಡ ಎಂದರೆ ಬರೀ ಗಂಜಿ ಸಾಕು” ಎಂದರು. ಅಣ್ಣ ತಲೆಯಾಡಿಸಿದರು. ಮಳೆ ಜೋರಾಗುತ್ತಿತ್ತು. ಖಾಲಿ ಚೊಂಬನ್ನು ತೊಳೆದು, ಅದರ ತುಂಬ ಮೆಂತೆ ಗಂಜಿ ಹಾಕಿ ಅವರ ಕೈಗೆ ಕೊಟ್ಟೆವು.